ಮೂರು ಗ್ರಾಂ ಪುಡಿ ಮತ್ತು ಒಂದು ಲ್ಯಾಬ್ ವರದಿ: ಗರಡಿ ನಾಡಿನಲ್ಲಿ ಕ್ರಿಯಾಟಿನ್

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಗರಡಿಗಳಲ್ಲಿ ಬಾದಾಮಿ, ತುಪ್ಪದ ಡಬ್ಬಿಗಳ ಪಕ್ಕ ಈಗ ಕ್ರಿಯಾಟಿನ್ ಎಂಬ ಬಿಳಿ ಪುಡಿಯ ಪ್ಲಾಸ್ಟಿಕ್ ಡಬ್ಬಿಯೂ ಕೂತಿದೆ. ತಾಲ್ಲೂಕು ಊರಿನ ಜಿಮ್‌ಗಳಲ್ಲಂತೂ ಅದು ಮಾಮೂಲು. ಡಬ್ಬಿ ಮನೆಗೆ ಬಂದ ದಿನವೇ ಎರಡು ಮಾತು ಹುಟ್ಟುತ್ತವೆ. ಹಿರಿಯರದು, ‘ಇದನ್ ತಗೊಂಡ್ರ ಕಿಡ್ನಿ ಹೋಗ್ತಾವ’. ಹುಡುಗನದು, ‘ಇದನ್ ತಗೊಂಡ್ರ ಮೈ ಕಟ್ತದ’. ಎರಡೂ ಇದ್ದದ್ದನ್ನು ಇದ್ದ ಹಾಗೆ ಹೇಳುವ ಮಾತಲ್ಲ. ಕ್ರಿಯಾಟಿನ್ ಮೈ ಕಟ್ಟುವ ವಸ್ತುವಲ್ಲ, ಕೆಲವೇ ಸೆಕೆಂಡುಗಳ ಕಸುವಿನ ದಾಸ್ತಾನು. ಆರೋಗ್ಯವಂತ ಕಿಡ್ನಿಯನ್ನು ಅದು ಕೆಡಿಸುವುದಿಲ್ಲ. ಆದರೆ ಕಿಡ್ನಿಯ ಲೆಕ್ಕ ಹೇಳುವ ರಕ್ತಪರೀಕ್ಷೆಯನ್ನು ದಾರಿ ತಪ್ಪಿಸಬಲ್ಲದು. ನಮ್ಮ ಭಾಗದಲ್ಲಿ ಆಗುವ ಗೊಂದಲದ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಮೊದಲ ಹತ್ತು ಸೆಕೆಂಡು

ಸ್ನಾಯು ಸಂಕುಚಿಸಲು ಬಳಸುವುದು ಎಟಿಪಿ ಎಂಬ ಅಣುವನ್ನು. ಒಂದು ಫಾಸ್ಫೇಟ್ ಕಳಚಿಕೊಂಡಾಗ ಅದು ಎಡಿಪಿ ಆಗುತ್ತದೆ, ಆಗ ಹೊರಬರುವ ಶಕ್ತಿಯೇ ಬಲ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಪೂರ್ಣ ಶಕ್ತಿಯ ಒಂದೆರಡು ಸೆಕೆಂಡಿಗಷ್ಟೇ ಸಾಕು. ಅದನ್ನು ತಕ್ಷಣ ಮರುತುಂಬುವುದು ಫಾಸ್ಫೋಕ್ರಿಯಾಟಿನ್. ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಫಾಸ್ಫೋಕ್ರಿಯಾಟಿನ್‌ನ ಫಾಸ್ಫೇಟನ್ನು ಎಡಿಪಿಗೆ ಅಂಟಿಸಿ ಮತ್ತೆ ಎಟಿಪಿ ಮಾಡುತ್ತದೆ. ಇದಕ್ಕೆ ಆಮ್ಲಜನಕ ಬೇಕಿಲ್ಲ, ಸಕ್ಕರೆ ಒಡೆಯುವವರೆಗೆ ಕಾಯಬೇಕಿಲ್ಲ. ನಮ್ಮ ಕಡೆಯ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಎಟಿಪಿ ಪರಾತದಲ್ಲಿರುವ ಹಿಟ್ಟು, ಫಾಸ್ಫೋಕ್ರಿಯಾಟಿನ್ ಒಲೆಯ ಪಕ್ಕದ ಹಿಟ್ಟಿನ ಡಬ್ಬಿ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಹಗೇವಿನೊಳಗಿನ ಜೋಳ. ಹಗೇವು ದೊಡ್ಡದೇ, ಆದರೆ ಬಾಯಿ ತೆಗೆದು, ಜೋಳ ಎತ್ತಿ, ಬೀಸಿಕೊಂಡು ಬರಲು ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ರೊಟ್ಟಿ ನಿಲ್ಲದಂತೆ ನೋಡಿಕೊಳ್ಳುವುದು ಆ ಡಬ್ಬಿ.

ಆ ಡಬ್ಬಿ ಪೂರ್ಣ ಬಲದ ಶ್ರಮದಲ್ಲಿ ಸುಮಾರು 10 ಸೆಕೆಂಡಿನೊಳಗೆ ಬಹುತೇಕ ಖಾಲಿಯಾಗುತ್ತದೆ. ವಿಶ್ರಾಂತಿ ಕೊಟ್ಟರೆ ಅರ್ಧ ನಿಮಿಷದಲ್ಲಿ ಹೆಚ್ಚು ಕಡಿಮೆ ಅರ್ಧ ತುಂಬುತ್ತದೆ, ಪೂರ್ತಿ ತುಂಬಲು 3ರಿಂದ 5 ನಿಮಿಷ. ಕ್ರಿಯಾಟಿನ್ ಪುಡಿ ಮಾಡುವ ಕೆಲಸ ಇಷ್ಟೇ: ಸ್ನಾಯುವಿನ ಒಟ್ಟು ಕ್ರಿಯಾಟಿನ್ ದಾಸ್ತಾನನ್ನು ಸರಾಸರಿ ಶೇ 20ರಷ್ಟು ಹಿಗ್ಗಿಸುವುದು. ಹಾಗಾಗಿ ಅದರ ಉಪಯೋಗ ಕಾಣುವುದು ಸಂಗ್ರಾಣಿ ಕಲ್ಲನ್ನು ಎದೆಯಿಂದ ಹೆಗಲಿಗೆ ಒಯ್ಯುವ ಆ ಒಂದು ಝಟಕೆಯಲ್ಲಿ, ಎದುರಾಳಿಯನ್ನು ಎತ್ತಿ ಚಿತ್ ಮಾಡುವ ಪಟ್ಟಿನಲ್ಲಿ, ಬೈಠಕ್‌ನ ಕೊನೆಯ ಕೆಲವು ಎಣಿಕೆಗಳಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಇಂಥ ಶ್ರಮವನ್ನು ಸ್ವಲ್ಪ ವಿರಾಮ ಕೊಟ್ಟು ಮತ್ತೆ ಮತ್ತೆ ಮಾಡಬೇಕಾದ ಕಡೆ.

ಮೈ ಕಟ್ಟುವುದು ಇದರ ಹಿಂದೆ ಬರುವ ಸಂಗತಿ. ಪ್ರತಿ ಸುತ್ತಿನಲ್ಲಿ ಒಂದೋ ಎರಡೋ ಎಣಿಕೆ ಹೆಚ್ಚಾದರೆ ತಿಂಗಳುಗಟ್ಟಲೆ ಸಾಮಿನಲ್ಲಿ ಅದು ಕೂಡಿಬರುತ್ತದೆ. 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2003ರ ಒಂದು ವಿಮರ್ಶೆಯಲ್ಲಿ, ಭಾರದ ವ್ಯಾಯಾಮದ ಜೊತೆ ಕ್ರಿಯಾಟಿನ್ ತೆಗೆದುಕೊಂಡವರ ಬಲ ಸರಾಸರಿ ಶೇ 20 ಏರಿತ್ತು. ಅದೇ ವ್ಯಾಯಾಮ ಮಾಡಿ ಹುಸಿ ಪುಡಿ ತೆಗೆದುಕೊಂಡವರದು ಶೇ 12. ಅಂದರೆ ಹೆಚ್ಚಿನ ಪಾಲು ಸಾಮಿನದು, ಪುಡಿಯದು ಉಳಿದ 8. ಸಾಮು ತೆಗೆಯದೆ ಪುಡಿ ಮಾತ್ರ ನುಂಗಿದವನಿಗೆ ಸಿಗುವುದು ಸ್ನಾಯುವಿನೊಳಗೆ ಸೇರುವ ಕಿಲೋ ಎರಡು ಕಿಲೋ ನೀರು.

ಜೋಳದ ರೊಟ್ಟಿ ಉಣ್ಣುವವರಿಗೆ ಏಕೆ ಹೆಚ್ಚು ತಾಗುತ್ತದೆ

ಇದು ಕಾರ್ಖಾನೆಯಲ್ಲಿ ಹುಟ್ಟಿದ ವಿಚಿತ್ರ ರಾಸಾಯನಿಕವಲ್ಲ. 1832ರಲ್ಲೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರೂಲ್ ಇದನ್ನು ಮಾಂಸದಿಂದ ಬೇರ್ಪಡಿಸಿದ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 120 ಗ್ರಾಂ ಕ್ರಿಯಾಟಿನ್ ಇರುತ್ತದೆ, ಅದರ ಶೇ 95 ಸ್ನಾಯುಗಳಲ್ಲಿ. ದಿನಕ್ಕೆ ಸುಮಾರು 2 ಗ್ರಾಂ ತಾನಾಗಿ ಒಡೆದು ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ಮೂತ್ರದಲ್ಲಿ ಹೋಗುತ್ತದೆ. ಹೋದದ್ದರಲ್ಲಿ ಸುಮಾರು ಅರ್ಧವನ್ನು ದೇಹವೇ ತಯಾರಿಸಿಕೊಳ್ಳುತ್ತದೆ: ಕಿಡ್ನಿಯಲ್ಲಿ ಆರ್ಜಿನೈನ್ ಮತ್ತು ಗ್ಲೈಸಿನ್ ಸೇರಿ ಮೊದಲ ಹಂತ, ಲಿವರಿನಲ್ಲಿ ಮೆಥಿಯೊನೈನ್ ಕೊಡುವ ಮೀಥೈಲ್ ಗುಂಪು ಸೇರಿ ಎರಡನೇ ಹಂತ. ಉಳಿದರ್ಧ ಊಟದಿಂದ ಬರಬೇಕು.

ಊಟದಲ್ಲಿ ಅದು ಇರುವುದು ಮಾಂಸ, ಮೀನಿನಲ್ಲಿ. ಹಸಿ ಮಾಂಸ ಅಥವಾ ಮೀನಿನ ಒಂದು ಕಿಲೋದಲ್ಲಿ ಸುಮಾರು 3ರಿಂದ 5 ಗ್ರಾಂ, ಬೇಯಿಸಿದಾಗ ಅದರಲ್ಲೂ ಸ್ವಲ್ಪ ಹಾಳಾಗುತ್ತದೆ. ಜೋಳ, ಗೋಧಿ, ಹೆಸರು, ಮಡಕಿ, ಶೇಂಗಾ ಹಿಂಡಿಗಳಲ್ಲಿ ಇಲ್ಲವೆಂದೇ ಹೇಳಬೇಕು. ಹಾಲಿನಲ್ಲಿ ಲೀಟರಿಗೆ 0.1 ಗ್ರಾಂ ಆಸುಪಾಸು. ಗರಡಿಯ ಪದ್ಧತಿಯಂತೆ ದಿನಕ್ಕೆ 3 ಲೀಟರ್ ಹಾಲು ಕುಡಿಯುವ ಪೈಲ್ವಾನನಿಗೂ ಅದರಿಂದ ಸಿಗುವುದು 0.3 ಗ್ರಾಂ. ಹಾಲು, ಬಾದಾಮಿ, ತುಪ್ಪದ ಗುಣ ಬೇರೆ. ಪ್ರೋಟೀನು, ಕ್ಯಾಲ್ಸಿಯಂ, ಕ್ಯಾಲರಿ ಅವುಗಳಿಂದ ಧಾರಾಳವಾಗಿ ಬರುತ್ತದೆ, ಅದನ್ನು ಬಿಟ್ಟು ಪುಡಿಗೆ ಜೋತುಬೀಳುವುದು ತಪ್ಪು. ಆದರೆ ಕ್ರಿಯಾಟಿನ್ ವಿಷಯದಲ್ಲಿ ಅವು ಕೈಕೊಡುತ್ತವೆ. ಶಾಕಾಹಾರಿಗಳ ಸ್ನಾಯುವಿನಲ್ಲಿ ಕ್ರಿಯಾಟಿನ್ ಮಟ್ಟ ಮಾಂಸಾಹಾರಿಗಳಿಗಿಂತ ಕಡಿಮೆ ಇರುತ್ತದೆ, ಆದ್ದರಿಂದ ಪುಡಿ ತೆಗೆದುಕೊಂಡಾಗ ಏರಿಕೆ ಅವರಲ್ಲೇ ಹೆಚ್ಚು. ಮಾಂಸ ಮುಟ್ಟದ ಮನೆಗಳು ಇಷ್ಟೊಂದಿರುವ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಒಂದು ಪೂರಕಕ್ಕೆ ನಿಜವಾದ ಅರ್ಥವಿದೆ. ಅಂಗಡಿಯ ಕಪಾಟಿನಲ್ಲಿರುವ ಉಳಿದ ಹತ್ತಾರು ಡಬ್ಬಿಗಳ ಬಗ್ಗೆ ಈ ಮಾತನ್ನು ಹೇಳಲಾಗದು.

ಆದರೂ ಎಲ್ಲರಿಗೂ ತಾಗುವುದಿಲ್ಲ. ದಾಸ್ತಾನು ಮೊದಲೇ ತುಂಬಿರುವ ಕೆಲವರಲ್ಲಿ, ಮುಖ್ಯವಾಗಿ ಮಾಂಸ ಚೆನ್ನಾಗಿ ತಿನ್ನುವವರಲ್ಲಿ, ಬದಲಾವಣೆ ಕಾಣುವುದೇ ಇಲ್ಲ. ಎರಡು ತಿಂಗಳು ಸರಿಯಾಗಿ ತೆಗೆದುಕೊಂಡೂ ಎತ್ತುವ ಭಾರದಲ್ಲಿ, ಎಣಿಕೆಯಲ್ಲಿ ಏನೂ ವ್ಯತ್ಯಾಸ ಬಾರದಿದ್ದರೆ ಪ್ರಮಾಣ ಏರಿಸಬೇಡಿ, ನಿಲ್ಲಿಸಿ.

ಕ್ರೀಡೆಯಿಂದ ಕ್ರೀಡೆಗೂ ಲೆಕ್ಕ ಬದಲಾಗುತ್ತದೆ. ಮ್ಯಾಟ್ ಕುಸ್ತಿಯಲ್ಲಿ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ, ಅಲ್ಲಿ ಉಪಯೋಗವಿದೆ. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟುಗಳಲ್ಲಿ ಟ್ರ್ಯಾಕ್‌ನ ಸ್ಪ್ರಿಂಟ್ ಓಡಿಸುವವರಿಗೆ ಉಪಯೋಗ. ಗಂಟೆಗಟ್ಟಲೆ ರಸ್ತೆಯಲ್ಲಿ ಓಡಿಸುವವರಿಗೆ, ಅದೂ ಏರುದಾರಿ ಇದ್ದರೆ, ಹೆಚ್ಚಿದ ತೂಕವೇ ಭಾರ.

ಎಷ್ಟು, ಹೇಗೆ

1992ರಲ್ಲಿ ರೋಜರ್ ಹ್ಯಾರಿಸ್ ಮತ್ತು ಸಂಗಡಿಗರು ದಿನಕ್ಕೆ 20 ಗ್ರಾಂನಂತೆ ಕೊಟ್ಟು ಸ್ನಾಯುವಿನ ದಾಸ್ತಾನು ಏರುವುದನ್ನು ತೋರಿಸಿದರು. ‘ಲೋಡಿಂಗ್’ ಎಂಬ ಪದ್ಧತಿ ಅಲ್ಲಿಂದ ಬಂತು: ಮೊದಲ 5ರಿಂದ 7 ದಿನ 20 ಗ್ರಾಂ, ಆಮೇಲೆ 3ರಿಂದ 5 ಗ್ರಾಂ. ಆದರೆ 1996ರಲ್ಲಿ ಎರಿಕ್ ಹಲ್ಟ್‌ಮನ್ ತಂಡ ದಿನಕ್ಕೆ 3 ಗ್ರಾಂನಂತೆ 28 ದಿನ ಕೊಟ್ಟಾಗಲೂ ಸ್ನಾಯು ಅದೇ ಮಟ್ಟಕ್ಕೆ ತುಂಬಿತು. ವ್ಯತ್ಯಾಸ ಒಂದು ವಾರವೋ ನಾಲ್ಕು ವಾರವೋ ಎಂಬುದಷ್ಟೇ. ಮುಂದಿನ ವಾರವೇ ಜಾತ್ರೆಯ ಕುಸ್ತಿ ಇದೆ ಎಂದು ಅವಸರದಲ್ಲಿ ಲೋಡಿಂಗ್ ಮಾಡುವವರೇ ಹೊಟ್ಟೆ ಕೆಡಿಸಿಕೊಳ್ಳುವುದು. ಒಂದೇ ಸಲಕ್ಕೆ 10 ಗ್ರಾಂ ಹೋದರೆ ಹೀರಿಕೊಳ್ಳದೆ ಉಳಿದದ್ದು ಕರುಳಿಗೆ ನೀರೆಳೆದು ಭೇದಿಯಾಗುತ್ತದೆ. ಸಿದ್ಧೇಶ್ವರ ಜಾತ್ರೆಯ ಭಾರ ಎತ್ತುವ ಸ್ಪರ್ಧೆಗೆ ಇಳಿಯುವವನು ಸಂಕ್ರಾಂತಿಗೆ ಆರು ವಾರ ಮೊದಲೇ ದಿನಕ್ಕೆ 3 ಗ್ರಾಂ ಶುರುಮಾಡಿದರೆ ಲೋಡಿಂಗಿನ ತಂಟೆಯೇ ಇಲ್ಲ. 85–90 ಕಿಲೋ ಮೇಲಿನ ದೊಡ್ಡಾಳುಗಳಿಗೆ 5 ಗ್ರಾಂ ಸರಿ. 250 ಗ್ರಾಂನ ಡಬ್ಬಿ 3 ಗ್ರಾಂ ಲೆಕ್ಕದಲ್ಲಿ 83 ದಿನ ಬರುತ್ತದೆ. 25 ದಿನಕ್ಕೇ ಮುಗಿಯುತ್ತಿದ್ದರೆ ಹೆಚ್ಚಿನದೆಲ್ಲ ಮೂತ್ರದಲ್ಲಿ ಹೋಗುತ್ತಿದೆ.

ಕರಗಿಸುವಲ್ಲೇ ಬಹಳ ಜನ ಎಡವುತ್ತಾರೆ. ಮಾಮೂಲು ಪುಡಿಯಾದ ಕ್ರಿಯಾಟಿನ್ ಮೊನೊಹೈಡ್ರೇಟ್ 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 14 ಗ್ರಾಂ ಕರಗುತ್ತದೆ, ಫ್ರಿಜ್ಜಿನ 4 ಡಿಗ್ರಿ ನೀರಿನಲ್ಲಿ ಬರೀ 6 ಗ್ರಾಂ, 50 ಡಿಗ್ರಿಯಲ್ಲಿ 34 ಗ್ರಾಂ. 3 ಗ್ರಾಂ ಪುಡಿಗೆ ಮಾಮೂಲು ನೀರಾದರೆ ಒಂದು ದೊಡ್ಡ ಲೋಟ ಬೇಕು, ತಣ್ಣೀರಾದರೆ ಅರ್ಧ ಲೀಟರ್, ಬೆಚ್ಚಗಿನ ನೀರಾದರೆ ಅರ್ಧ ಲೋಟ ಸಾಕು. ತಳದಲ್ಲಿ ಮರಳಿನಂತೆ ಕೂತದ್ದು ಕಲಬೆರಕೆಯ ಗುರುತಲ್ಲ, ಕರಗದ ಕ್ರಿಯಾಟಿನ್. ಇನ್ನಷ್ಟು ನೀರು ಹಾಕಿ ತಿರುವಿ ಕುಡಿಯಿರಿ. ಒಣ ಪುಡಿಯನ್ನೇ ಬಾಯಿಗೆ ಹಾಕಿಕೊಳ್ಳುವ ಚಟ ಬೇಡ, ಶ್ವಾಸನಾಳಕ್ಕೆ ಹೋದರೆ ಅಪಾಯ.

ಮಜ್ಜಿಗೆ, ಲಿಂಬು ಪಾನಕದಲ್ಲಿ ಬೆರೆಸಬಹುದೇ? ಬೆರೆಸಿದ ಕೂಡಲೇ ಕುಡಿದರೆ ಅಡ್ಡಿಯಿಲ್ಲ. ಕ್ರಿಯಾಟಿನ್ ಹುಳಿ ದ್ರವದಲ್ಲಿ ನಿಧಾನವಾಗಿ ಕ್ರಿಯಾಟಿನಿನ್ ಆಗಿ ಕೆಡುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ. ಬೆಳಿಗ್ಗೆ ಬಾಟಲಿಯಲ್ಲಿ ಕಲಸಿಟ್ಟು ಸಂಜೆಯ ಸಾಮಿಗೆ ಒಯ್ಯುವುದು ಬೇಡ. ಒಣ ಪುಡಿಗೆ ಈ ಭಯವಿಲ್ಲ. ವಿಜಯಪುರದ ಮೇ ತಿಂಗಳ 40 ಡಿಗ್ರಿಯಲ್ಲೂ ಅದು ಹಾಗೇ ಉಳಿಯುತ್ತದೆ. ಅದರ ವೈರಿ ತೇವ, ಹಾಗಾಗಿ ಹಸಿ ಚಮಚ ಹಾಕಬೇಡಿ. ಗಂಟು ಕಟ್ಟಿದರೆ ಪುಡಿಮಾಡಿ ಬಳಸಬಹುದು, ಬಣ್ಣವೋ ವಾಸನೆಯೋ ಬದಲಾದರೆ ಬಿಸಾಡಿ.

ಸಾಮಿಗೆ ಮೊದಲೋ ಆಮೇಲೋ ಎಂಬುದು ಮುಖ್ಯವಲ್ಲ, ದಿನಾ ತಪ್ಪದಿರುವುದು ಮುಖ್ಯ. ಊಟದ ಜೊತೆ ಇಟ್ಟುಕೊಂಡರೆ ಮರೆಯುವುದಿಲ್ಲ, ಹೊಟ್ಟೆಗೂ ಹಗುರ. ಬಿಟ್ಟರೆ 4ರಿಂದ 6 ವಾರದಲ್ಲಿ ಸ್ನಾಯು ಮೊದಲಿನ ಮಟ್ಟಕ್ಕೆ ಮರಳುತ್ತದೆ. ಕೂದಲು ಉದುರುತ್ತದೆ ಎಂಬ ಮಾತು ಹುಟ್ಟಿದ್ದು 2009ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಿಂದ. ಅದು ಅಳೆದದ್ದು ಒಂದು ಹಾರ್ಮೋನನ್ನು, ಕೂದಲನ್ನಲ್ಲ.

ಲ್ಯಾಬ್ ವರದಿಯ ಎಡವಟ್ಟು

ಈಗ ಕಿಡ್ನಿಯ ಮಾತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಅಳೆಯುತ್ತಾರೆ. ಅದು ಸ್ನಾಯುವಿನ ಕ್ರಿಯಾಟಿನ್ ಒಡೆದು ಬರುವ ತ್ಯಾಜ್ಯ. ಕಿಡ್ನಿ ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಅದು ಏರುತ್ತದೆ. ಆದರೆ ಕಿಡ್ನಿ ಚೆನ್ನಾಗಿದ್ದೂ ತ್ಯಾಜ್ಯದ ಹುಟ್ಟುವಳಿಯೇ ಹೆಚ್ಚಾದರೆ? ಆಗಲೂ ಏರುತ್ತದೆ. ದಪ್ಪ ತೊಡೆ, ದಪ್ಪ ಭುಜದ ಪೈಲ್ವಾನನಲ್ಲಿ ಸ್ನಾಯು ಮೊದಲೇ ಹೆಚ್ಚು. ಮೇಲೆ ಕ್ರಿಯಾಟಿನ್ ಪುಡಿಯಿಂದ ದಾಸ್ತಾನು ಹೆಚ್ಚು. ಹಿಂದಿನ ರಾತ್ರಿ ಮಟನ್ ಉಂಡಿದ್ದರೆ ಬೇಯಿಸಿದ ಮಾಂಸದ ಕ್ರಿಯಾಟಿನಿನ್ ನೇರವಾಗಿ ರಕ್ತಕ್ಕೆ. ಬೆಳಿಗ್ಗೆ ಸಾಮು ಮುಗಿಸಿ ಬೆವರು ಸುರಿಸಿ, ನೀರು ಕುಡಿಯದೆ ರಕ್ತ ಕೊಟ್ಟರೆ ಇನ್ನಷ್ಟು.

ಲೆಕ್ಕ ಹಾಕಿ ನೋಡಿ. 25 ವರ್ಷದ ಗಂಡಸಿನ ಕ್ರಿಯಾಟಿನಿನ್ ಡೆಸಿಲೀಟರಿಗೆ 1.1 ಮಿಲಿಗ್ರಾಂ ಬಂದರೆ, 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) ಸುಮಾರು 95. ಅದೇ ವ್ಯಕ್ತಿಗೆ 1.4 ಬಂದರೆ ಸುಮಾರು 71. ಲ್ಯಾಬಿನ ಹಾಳೆಯಲ್ಲಿ 1.4ರ ಪಕ್ಕ ಒಂದು ನಕ್ಷತ್ರ, ಕೆಳಗೆ ‘ಅಲ್ಪ ಇಳಿಕೆ’ ಎಂಬ ಸಾಲು. ಮನೆಯಲ್ಲಿ ಗಾಬರಿ, ಊರಲ್ಲಿ ಸುದ್ದಿ. ಆ ಸೂತ್ರಕ್ಕೆ ಗೊತ್ತಿರುವುದು ವಯಸ್ಸು, ಲಿಂಗ ಮತ್ತು ಆ ಒಂದು ಸಂಖ್ಯೆ. ಸ್ನಾಯು ಎಷ್ಟಿದೆ, ಡಬ್ಬಿಯಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಬಿಡಿಸಿಕೊಳ್ಳುವ ದಾರಿ ಕಷ್ಟದ್ದಲ್ಲ. ಪುಡಿ ಶುರುಮಾಡುವ ಮೊದಲೇ ಒಮ್ಮೆ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ, ರಕ್ತದೊತ್ತಡ ನೋಡಿಸಿ ಆ ಹಾಳೆ ಜೋಪಾನ ಮಾಡಿ. ಮುಂದಿನ ಎಲ್ಲ ಹೋಲಿಕೆಗೂ ಅದೇ ಆಧಾರ. ಪರೀಕ್ಷೆಗೆ ಮುನ್ನ ಎರಡು ದಿನ ಭಾರೀ ಸಾಮು ಬೇಡ, ಹಿಂದಿನ ರಾತ್ರಿ ಮಾಂಸ ಬೇಡ, ನೀರು ಚೆನ್ನಾಗಿ ಕುಡಿದಿರಬೇಕು. ಸಂಖ್ಯೆ ಹೆಚ್ಚು ಬಂದರೆ ವೈದ್ಯರಿಗೆ ಪುಡಿಯ ವಿಷಯ ಬಾಯಿಬಿಟ್ಟು ಹೇಳಿ, ಮುಚ್ಚಿಟ್ಟರೆ ಅವರು ತಪ್ಪು ದಾರಿಯಲ್ಲಿ ಹುಡುಕುತ್ತಾರೆ. ಆಗ ಕೇಳಬೇಕಾದ ಪರೀಕ್ಷೆ ಸಿಸ್ಟಾಟಿನ್ ಸಿ. ಅದು ದೇಹದ ಎಲ್ಲ ಕೋಶಗಳಿಂದ ಬರುವ ಪ್ರೋಟೀನ್, ಸ್ನಾಯುವಿನ ಗಾತ್ರಕ್ಕೂ ಕ್ರಿಯಾಟಿನ್ ಪುಡಿಗೂ ಅಷ್ಟಾಗಿ ಅಲುಗುವುದಿಲ್ಲ. ತಾಲ್ಲೂಕು ಊರಿನ ಲ್ಯಾಬಿನಲ್ಲಿ ಆಗದಿದ್ದರೆ ರಕ್ತದ ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತದೊತ್ತಡ ಸರಿ, ಸಿಸ್ಟಾಟಿನ್ ಸಿ ಸರಿ ಎಂದಾದರೆ ಏರಿದ ಕ್ರಿಯಾಟಿನಿನ್‌ಗೆ ಕಿಡ್ನಿ ಕಾರಣವಲ್ಲ. ಪುಡಿ ಬಿಟ್ಟು ಮರುಪರೀಕ್ಷೆ ಮಾಡಿಸುವುದಾದರೆ 4 ವಾರವಾದರೂ ಬಿಡಬೇಕು. ಎರಡು ದಿನ ಬಿಟ್ಟು ಹೋದರೆ ಸ್ನಾಯುವಿನ ದಾಸ್ತಾನು ಹಾಗೇ ಇರುತ್ತದೆ, ಸಂಖ್ಯೆಯೂ ಹೆಚ್ಚೇನು ಇಳಿಯದು.

ಕಿಡ್ನಿ ಭಯಕ್ಕೆ ಒಂದು ಮೂಲವೂ ಇದೆ. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಯುವಕನ ಪ್ರಕರಣ ಬಂತು: ಕ್ರಿಯಾಟಿನ್ ತೆಗೆದುಕೊಂಡಾಗ ಕಿಡ್ನಿಯ ಸಂಖ್ಯೆಗಳು ಕೆಟ್ಟವು, ಬಿಟ್ಟಾಗ ಸುಧಾರಿಸಿದವು. ಆದರೆ ಅವನಿಗೆ ಮೊದಲೇ ಕಿಡ್ನಿಯ ಕಾಯಿಲೆ ಇತ್ತು. ಇನ್ನೊಂದು ತಕ್ಕಡಿಯಲ್ಲಿ, ಅಮೆರಿಕ ಮತ್ತು ಕೆನಡಾದಲ್ಲಿ 1,741 ಪಾರ್ಕಿನ್ಸನ್ ರೋಗಿಗಳ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗವಿದೆ. ಅಲ್ಲಿ ಅರ್ಧ ಜನರಿಗೆ ದಿನಕ್ಕೆ 10 ಗ್ರಾಂ ಕೊಟ್ಟಿದ್ದರು. ರೋಗಕ್ಕೆ ಅದು ನಾಟಲಿಲ್ಲ, 2013ರಲ್ಲಿ ನಿಲ್ಲಿಸಿದರು, ಆದರೆ ಅಷ್ಟು ದಿನದ ಬಳಕೆಯಲ್ಲಿ ಸುರಕ್ಷತೆಯ ತೊಂದರೆ ಕಾಣಲಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಗೆರೆ ಸ್ಪಷ್ಟ: ಕಿಡ್ನಿ ಕಾಯಿಲೆ ಇರುವವರು, ಒಂದೇ ಕಿಡ್ನಿ ಇರುವವರು, ಕಿಡ್ನಿಯಲ್ಲಿ ನೀರುಗುಳ್ಳೆಗಳ ಅನುವಂಶಿಕ ರೋಗವಿರುವ ಮನೆತನದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಸುರಿಯರು, ಬಾಣಂತಿಯರು ಬೇಡ. ಕ್ರೀಡಾ ವಸತಿನಿಲಯದ ಮಕ್ಕಳಿಗೂ ಬೇಡ. 18ರೊಳಗಿನವರಿಗೆ ಇಂಥ ಪೂರಕಗಳು ಬೇಡವೆಂದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಆ ವಯಸ್ಸಿನಲ್ಲಿ ಹಾಲು, ಮೊಟ್ಟೆ, ಕಾಳು, ನಿದ್ದೆ ಕೊಡುವುದನ್ನು ಯಾವ ಡಬ್ಬಿಯೂ ಕೊಡದು.

ನಿಜಕ್ಕೂ ಕಿಡ್ನಿ ಕೆಡಿಸುವುದು

ಕಿಡ್ನಿಗೆ ಹೆದರುವವರು ಮೊದಲು ಹೆದರಬೇಕಾದದ್ದು ನೋವಿನ ಮಾತ್ರೆಗೆ. ಮೊಣಕಾಲು, ಭುಜ ನೊಂದಾಗ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೊಂಡು ಅದೇ ಸಂಜೆ ಅಖಾಡಕ್ಕೆ ಇಳಿಯುವ ರೂಢಿ ನಮ್ಮಲ್ಲಿದೆ. ಈ ಗುಂಪಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತನಾಳವನ್ನು ಹಿಗ್ಗಿಸಿಡುವ ವ್ಯವಸ್ಥೆಯನ್ನೇ ತಡೆಯುತ್ತವೆ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಕಿಡ್ನಿ ಬದುಕುವುದೇ ಆ ವ್ಯವಸ್ಥೆಯ ಮೇಲೆ. ಬೇಸಿಗೆ, ಬೆವರು, ಡೈಕ್ಲೋಫೆನಾಕ್ ಈ ಮೂರೂ ಒಟ್ಟಾದರೆ ಕಿಡ್ನಿಗೆ ನಿಜವಾದ ಪೆಟ್ಟು ಬೀಳುತ್ತದೆ. ಆಮೇಲೆ ಕೆಟ್ಟ ಹೆಸರು ಬರುವುದು ಪಕ್ಕದಲ್ಲಿದ್ದ ಬಿಳಿ ಡಬ್ಬಿಗೆ.

ತೂಕ ಇಳಿಸುವುದು ಎರಡನೆಯದು. 57, 65, 74 ಕಿಲೋ ವಿಭಾಗದಲ್ಲಿ ಆಡುವವನು ಕ್ರಿಯಾಟಿನ್‌ನಿಂದ ಕಿಲೋ ಎರಡು ಕಿಲೋ ಏರಿದರೆ ಪಂದ್ಯದ ಹಿಂದಿನ ದಿನ ಅದನ್ನು ಬೆವರಿಸಿ ತೆಗೆಯಲು ಹೋಗುತ್ತಾನೆ: ಪ್ಲಾಸ್ಟಿಕ್ ಅಂಗಿ ತೊಟ್ಟು ಓಟ, ನೀರು ಬಂದ್. 1997ರ ನವೆಂಬರ್–ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗ ಸತ್ತರು. ಮೊದಲು ಅನುಮಾನ ಬಂದದ್ದು ಕ್ರಿಯಾಟಿನ್ ಮೇಲೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ವರದಿ ಬೊಟ್ಟುಮಾಡಿದ್ದು ನೀರು ಬತ್ತಿದ ಮೈ ಮತ್ತು ಏರಿದ ಕಾವಿನತ್ತ. ತೂಕದ ವಿಭಾಗದ ಅಂಚಿನಲ್ಲಿರುವ ಪೈಲ್ವಾನನಿಗೆ ಉಸ್ತಾದರು ಹೇಳಬೇಕಾದ ಮಾತು ನೇರವಾದದ್ದು: ಒಂದೋ ಮೇಲಿನ ವಿಭಾಗಕ್ಕೆ ಹೋಗು, ಇಲ್ಲವೇ ಸೀಸನ್ ಮುಗಿಯುವವರೆಗೆ ಪುಡಿ ಬಿಡು. ಮಣ್ಣಿನ ಕುಸ್ತಿಯಲ್ಲಿ ಜೋಡಿ ಕೂಡಿಸುವವರಿಗೆ ಈ ತಲೆನೋವು ಕಡಿಮೆ.

ಡಬ್ಬಿ ಕೊಳ್ಳುವಾಗ

ಕೊಳ್ಳಬೇಕಾದದ್ದು ಒಂದೇ, ಬೇರೇನೂ ಬೆರೆಸದ ಮೊನೊಹೈಡ್ರೇಟ್. ತೂಕದಲ್ಲಿ ಶೇ 88 ಕ್ರಿಯಾಟಿನ್, ಉಳಿದದ್ದು ನೀರು. ಎಚ್‌ಸಿಎಲ್ (ಹೈಡ್ರೋಕ್ಲೋರೈಡ್) ರೂಪ ಚೆನ್ನಾಗಿ ಕರಗುತ್ತದೆ, ಆದರೆ ಬಲದಲ್ಲಿ ಮೇಲುಗೈ ಎಂದು ಸಾಬೀತಾಗಿಲ್ಲ. ಈಥೈಲ್ ಎಸ್ಟರ್ ಇನ್ನೂ ಕಡೆ, ಮೈ ಸೇರಿದ ಮೇಲೆ ಬಹುಪಾಲು ಕ್ರಿಯಾಟಿನಿನ್ ಆಗುತ್ತದೆ. ದುಬಾರಿ ಬೆಲೆಗೆ ಅರ್ಥವಿಲ್ಲ.

ಶುದ್ಧತೆ ಮುಖ್ಯ. ಕಾರ್ಖಾನೆಯಲ್ಲಿ ಇದನ್ನು ಸಾರ್ಕೊಸಿನ್ ಮತ್ತು ಸಯನಮೈಡ್ ಸೇರಿಸಿ ತಯಾರಿಸುತ್ತಾರೆ. ಕೆಲಸ ಕಳಪೆಯಾದರೆ ಡೈಸಯನಡೈಅಮೈಡ್, ಡೈಹೈಡ್ರೊಟ್ರಯಜಿನ್‌ನಂಥ ಉಳಿಕೆಗಳು ಪುಡಿಯಲ್ಲಿ ಉಳಿಯುತ್ತವೆ. ಹಾಗಾಗಿ ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ತೂಗಿಕೊಡುವ ಪುಡಿ ಬೇಡವೇ ಬೇಡ. ಡಬ್ಬಿಯ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ವಿದೇಶಿ ಮಾಲಾದರೆ ಆಮದುದಾರರ ಹೆಸರು ವಿಳಾಸ ಇರಬೇಕು. ಲೈಸೆನ್ಸ್ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐ ಜಾಲತಾಣದಲ್ಲಿ ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಡಬ್ಬಿಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಹಿಂತಿರುಗಿಸಿ. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರಿಗೆ ಇನ್ನೊಂದು ಎಚ್ಚರ: ಕ್ರಿಯಾಟಿನ್ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ‘ಪ್ರೀ ವರ್ಕೌಟ್’ ಎಂದು ಹತ್ತು ವಸ್ತು ಬೆರೆಸಿದ ಡಬ್ಬಿಗಳಲ್ಲಿ ನಿಷೇಧಿತ ಉತ್ತೇಜಕಗಳು ಸಿಕ್ಕಿದ್ದುಂಟು. ಗೊತ್ತಿಲ್ಲದೆ ನುಂಗಿದೆ ಎಂಬ ಸಮಜಾಯಿಷಿ ಡೋಪಿಂಗ್ ನಿಯಮದಲ್ಲಿ ಆಟಗಾರನನ್ನು ಹೊಣೆಯಿಂದ ಬಿಡಿಸುವುದಿಲ್ಲ. ಬ್ಯಾಚ್ ಬ್ಯಾಚಿಗೂ ಪರೀಕ್ಷೆಯಾಗುವ ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತಿನ ಡಬ್ಬಿಯನ್ನೇ ಕೊಳ್ಳಿ, ಖಾಲಿಯಾಗುವವರೆಗೆ ಡಬ್ಬಿ, ಬಿಲ್ಲು ಎರಡನ್ನೂ ಇಟ್ಟುಕೊಳ್ಳಿ.

ಅರವತ್ತು ದಾಟಿದವರು

ಗರಡಿಯ ಹೊರಗೆ ಇದರ ಉಪಯೋಗ ಸಿಗಬಹುದಾದವರು ವಯಸ್ಸಾದವರು. ವಯಸ್ಸಿನೊಂದಿಗೆ ಸ್ನಾಯು ಕರಗುತ್ತದೆ. ವಾರಕ್ಕೆ ಎರಡು ಮೂರು ಸಲ ಭಾರದ ವ್ಯಾಯಾಮದ ಜೊತೆ ಕ್ರಿಯಾಟಿನ್ ತೆಗೆದುಕೊಂಡ ಹಿರಿಯರಲ್ಲಿ ಬಲ ಹೆಚ್ಚುವುದಕ್ಕೆ ಆಧಾರವಿದೆ. ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಕೊಡ ಎತ್ತಿಳಿಸುವುದೂ ಭಾರದ ವ್ಯಾಯಾಮವೇ. ಬರೀ ಪುಡಿಯಿಂದ ಇದು ಆಗದು. ಮೂಳೆ ಗಟ್ಟಿಯಾಗುತ್ತದೆ ಎಂಬ ಮಾತಿಗೆ ಮುಟ್ಟು ನಿಂತ ಹೆಂಗಸರ ಮೇಲೆ ಎರಡು ವರ್ಷ ನಡೆದ ಪ್ರಯೋಗ ಬೆಂಬಲ ಕೊಡಲಿಲ್ಲ.

ಈ ವಯಸ್ಸಿನಲ್ಲಿ ಮೇಲಿನ ಲ್ಯಾಬ್ ಎಡವಟ್ಟು ಇನ್ನಷ್ಟು ಕೆಲಸ ಕೆಡಿಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಪ್ರಮಾಣ ಇಜಿಎಫ್‌ಆರ್ ಮೇಲೆ ನಿಂತಿದೆ: 45ಕ್ಕಿಂತ ಕೆಳಗಿಳಿದರೆ ವೈದ್ಯರು ಕಡಿಮೆ ಮಾಡುತ್ತಾರೆ, 30ಕ್ಕಿಂತ ಕೆಳಗಾದರೆ ನಿಲ್ಲಿಸುತ್ತಾರೆ. ಚಿತ್ರ ಸ್ಪಷ್ಟವಾಗಲು ಕಾಂಟ್ರಾಸ್ಟ್ ಎಂಬ ದ್ರವ ಹಾಕಿ ಸಿಟಿ ಸ್ಕ್ಯಾನ್ ಮಾಡುವುದೋ ಬೇಡವೋ ಎಂಬುದನ್ನೂ ಅದೇ ಸಂಖ್ಯೆ ನೋಡಿ ತೀರ್ಮಾನಿಸುತ್ತಾರೆ. ಮಗನ ಡಬ್ಬಿಯಿಂದ ಒಂದು ಚಮಚ ತೆಗೆದುಕೊಳ್ಳುತ್ತಿರುವ ತಂದೆಯ ಸಂಖ್ಯೆ ಸುಳ್ಳಾಗಿ ಇಳಿದರೆ, ಸರಿಯಾಗಿ ಕೆಲಸ ಮಾಡುತ್ತಿದ್ದ ಮಾತ್ರೆ ನಿಲ್ಲಬಹುದು. ಉಲ್ಟಾ ಅಪಾಯವೂ ಉಂಟು: ಸಕ್ಕರೆಯಿಂದ ನಿಜವಾಗಿಯೇ ಕಿಡ್ನಿ ಸೊರಗುತ್ತಿರುವಾಗ ‘ಅದು ಪುಡಿಯಿಂದ ಬಿಡ್ರಿ’ ಎಂದು ಮನೆಯವರೇ ತಳ್ಳಿಹಾಕಬಹುದು. ಆದ್ದರಿಂದ ಸಕ್ಕರೆ, ಬಿಪಿ ಇರುವವರು ಕ್ರಿಯಾಟಿನ್ ಶುರುಮಾಡುವ ಮುನ್ನವೇ ವೈದ್ಯರನ್ನು ಕೇಳಿ, ಆರಂಭದ ಕ್ರಿಯಾಟಿನಿನ್ ಜೊತೆ ಸಿಸ್ಟಾಟಿನ್ ಸಿ ಮತ್ತು ಮೂತ್ರದ ಆಲ್ಬುಮಿನ್ ಮಾಡಿಸಿಕೊಳ್ಳಬೇಕು. ದಿನಾ ಎಷ್ಟು ಗ್ರಾಂ, ಯಾವ ತಾರೀಖಿನಿಂದ ಎಂಬುದನ್ನು ಆಸ್ಪತ್ರೆಯ ಫೈಲಿನ ಮೊದಲ ಹಾಳೆಯಲ್ಲೇ, ಉಳಿದ ಮಾತ್ರೆಗಳ ಸಾಲಿನಲ್ಲಿ ಬರೆಸಿಡಬೇಕು.